ಎದ್ದೇಳು ಮಾತ್ರೆ

"ಬಾಯಿ ತೆಗಿಲಾ!"

ತೆಗೆಯಲಿಲ್ಲ.

ಗಡ್ಡದವನು ನನ್ನ ಮೂಗು ಒತ್ತಿ ಹಿಡಿದ. ಅವನ ಬೆರಳಿಗೆ ಹಿಂಡಿಯ ಕಮಟು ವಾಸನೆ. ಉಸಿರು ಎಷ್ಟು ಹೊತ್ತು ಕಟ್ಟಲಾಗುತ್ತೆ ಹೇಳಿ? ಎದೆ ಒಡೆದುಹೋಗುವ ಹಾಗಾಯಿತು. ಬಾಯಿ ತಾನಾಗಿ ತೆರೆಯಿತು.

ಒಂದು ಹಿಡಿ ಮಾತ್ರೆ ಒಳಗೆ ಬಿತ್ತು!

ಹಿಂದೆಯೇ ಚೊಂಬಿನ ನೀರು.

"ನುಂಗು! ನುಂಗ್ಲಾ!"

ಇನ್ನೊಬ್ಬ ದಡಿಯ ನನ್ನ ಎರಡೂ ಕೈ ಮೇಲೆ ಮಂಡಿ ಊರಿ ಕೂತಿದ್ದ. ನಾನು ಬೂಸಾ ಮೂಟೆಗಳ ಮೇಲೆ ಅಂಗಾತ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಪಶು ಆಹಾರದ ಫ್ಯಾಕ್ಟರಿ ಅದು. ಮಟಮಟ ಮಧ್ಯಾಹ್ನ. ಹೊರಗೆ ರೋಡಿನಲ್ಲಿ ಲಾರಿಗಳು ಹಾರನ್ ಹೊಡೆದುಕೊಂಡು ಓಡಾಡುತ್ತಿವೆ. ಒಳಗೆ ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದಾರೆ... ಮೈಕೈ ನೋವಿನ ಮಾತ್ರೆ ತಿನ್ನಿಸಿ!

ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫ್ಯಾಕ್ಟರಿ ಓನರ್ ನಂಜುಂಡೇಶ್. ತೊಡೆಯ ಮೇಲೆ ಟಿಫನ್ ಡಬ್ಬಿ. ಮೊಸರನ್ನ ಕಲೆಸಿ ಕಲೆಸಿ ತಿನ್ನುತ್ತಿದ್ದ. ಮೊಣಕೈವರೆಗೂ ಸೋರಿದ್ದನ್ನು ನಾಲಿಗೆ ಚಾಚಿ ನೆಕ್ಕಿಕೊಂಡ.

ಥೂ!

"ಹೆದರ್ಕೋಬೇಡ ಬೆಟ್ಟಯ್ಯ," ಅಂದ. "ವಿಷ ಅಲ್ಲ. ಪ್ಯೂರ್ ಪ್ಯಾರಾಸಿಟಮಾಲ್. ಲ್ಯಾಬ್ ರಿಪೋರ್ಟೇ ಇದೆ. ಇವತ್ತು ನಿನಗೇನೂ ಆಗಲ್ಲ. ನಾಳೆಯೂ ಊಟ ಮಾಡ್ತೀಯ. ಆಮೇಲೆ ಲಿವರ್ ಮೆತ್ತಗೆ ಕೈ ಕೊಡುತ್ತೆ. ಕುಡಿದು ಕುಡಿದು ಸತ್ತ ಅಂತಾರೆ."

"ನಾನು ಕುಡಿಯಲ್ಲ!"

"ನಿನ್ನ ಮುಖ ನೋಡಿದವ್ರು ಯಾರು ನಂಬ್ತಾರೆ?"

ದಡಿಯ ಕಿಸಕ್ಕನೆ ನಕ್ಕ.

"ನನ್ನ ಅಕ್ಕಂಗೆ ಏನು ತಿನ್ನಿಸಿದ್ಯಲಾ, ಹಲ್ಕಾ?" ಬಾಯಿ ತುಂಬ ಮಾತ್ರೆ. ಮಾತು ಕಲ್ಲು ಅಗಿದ ಹಾಗೆ ಬಂತು.

"ಅವ್ರಿಗೆ ಬೆರಕೆ ಮಾಲು. ನಿನಗೆ ಸ್ಪೆಷಲ್ಲಾಗಿ ಅಸಲಿ. ಮರ್ಯಾದೆ ಕಣಯ್ಯ ಇದು!"

ಅವನ ಪಕ್ಕದ ಮೂಟೆಯ ಮೇಲೆ ನನ್ನ ಫೋನ್ ಬಡಿದುಕೊಳ್ಳತೊಡಗಿತು. ಸ್ಕ್ರೀನ್ ಮೇಲೆ ಹೆಸರು... ಡಾಕ್ಟರಮ್ಮ.

ನಂಜುಂಡೇಶ ಮೊಸರಿನ ಕೈಯಲ್ಲೇ ಅದನ್ನು ಕಟ್ ಮಾಡಿದ.

ಆ ಫೋನು ಯಾಕೆ ಬಂದಿತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಾತ್ರೆಗಿಂತ ಮೊದಲು ನಾಚಿಕೆ ನನ್ನನ್ನು ಕೊಂದುಹಾಕುತ್ತಿತ್ತು!

*

ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೆಸರು ಬೆಟ್ಟಯ್ಯ. ಊರು ಹೆಮ್ಮಿಗೆ. ಓದಿದ್ದು ಊರ ಸ್ಕೂಲಿನಲ್ಲಿ, ಮೇಷ್ಟ್ರು ಹೊಡೆಯುವವರೆಗೆ. ಒಂದು ದಿನ ನಾನು ತಿರುಗಿ ಹೊಡೆದೆ. ಓದು ಮುಗಿಯಿತು.

ಲಾರಿ ಓಡಿಸಿದೆ. ಜಗಳ ಬಿಡಿಸಿದೆ. ಜಗಳ ಮಾಡಿದೆ. ಈಗ ಮೈಸೂರಿನ ಒಂದು ಔಷಧಿ ಕಂಪನಿಗೆ ನಕಲಿ ಮಾಲು ಹಿಡಿದುಕೊಡುವ ಕೆಲಸ. ಮೆಡಿಕಲ್ ಸ್ಟೋರಿಗೆ ಹೋಗುವುದು, ತಲೆನೋವು ಅನ್ನುವುದು, ಮಾತ್ರೆ ತಗೊಂಡು ಕಂಪನಿಗೆ ಕೊಡುವುದು. ಅವರು ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡಿಸುತ್ತಾರೆ. ನಕಲಿ ಅಂತ ಬಂದರೆ ನಾನು ಮತ್ತೆ ಹೋಗುತ್ತೇನೆ.

ಆವಾಗ ತಲೆನೋವು ಅಂಗಡಿಯವನಿಗೆ!

ಈ ಸಲ ನಾಲೆಗೆ ನೀರು ಬಿಟ್ಟ ಮೇಲೆ ಒಂದು ವಿಚಿತ್ರ ನಡೆಯಿತು. ಹೆಮ್ಮಿಗೆ, ತಲಕಾಡು, ಮುಡುಕುತೊರೆ... ಎಲ್ಲ ಕಡೆ ಭತ್ತದ ನಾಟಿ. ಹೆಂಗಸರು ಬೆಳಗ್ಗಿಂದ ಸಂಜೆವರೆಗೂ ಕೆಸರಲ್ಲಿ ಬೆನ್ನು ಬಗ್ಗಿಸಿ ನಿಲ್ಲುವ ಕಾಲ. ನೋವಿನ ಮಾತ್ರೆ ಕಡಲೆಪುರಿಯ ಹಾಗೆ ಖರ್ಚಾಗಬೇಕು. ಆದರೆ ಆ ಕಡೆ ನಮ್ಮ ಕಂಪನಿಯ ಮಾತ್ರೆ ಒಂದು ಶೀಟೂ ಹೋಗುತ್ತಿಲ್ಲ!

ಟಿ. ನರಸೀಪುರದಲ್ಲಿ ಗಂಗಾಧರಸ್ವಾಮಿ ಅನ್ನುವವನ ಮೆಡಿಕಲ್ ಸ್ಟೋರ್. ಹೋಗಿ ನಿಂತೆ. ನನ್ನ ಮುಂದೆ ಒಬ್ಬಳು ಅಜ್ಜಿ.

"ಎದ್ದೇಳು ಮಾತ್ರೆ ಕೊಡಪ್ಪ."

ಗಂಗಾಧರಸ್ವಾಮಿ ಡಬ್ಬದಿಂದ ಬಿಡಿ ಮಾತ್ರೆ ತೆಗೆದ. ಪೇಪರಿನಲ್ಲಿ ಪೊಟ್ಟಣ ಕಟ್ಟಿದ. ಕೊಟ್ಟ.

"ಏನು ಸ್ವಾಮಿ ಅದು, ಎದ್ದೇಳು ಮಾತ್ರೆ?" ಅಂದೆ.

"ಪ್ಯಾರಾಸಿಟಮಾಲೇ ಕಣ್ರೀ. ರಾತ್ರಿ ನುಂಗಿ ಮಲಗಿದ್ರೆ ಬೆಳಗ್ಗೆ ಎದ್ದೇಳ್ತಾರೆ. ಅದಕ್ಕೇ ಆ ಹೆಸ್ರು."

"ಶೀಟಿನ ಮಾತ್ರೆ ನುಂಗಿದ್ರೆ ಏಳಲ್ವಾ?"

"ಏಳ್ತಾರೆ. ನರಳ್ಕೊಂಡು ಏಳ್ತಾರೆ!"

ನಾನೂ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಕಂಪನಿಗೆ ಕೊಟ್ಟೆ. ಲ್ಯಾಬಿಗೆ ಹೋಯಿತು. ರಿಪೋರ್ಟ್ ಬಂದ ದಿನ ಮ್ಯಾನೇಜರ್ ಮದನ್ ನನ್ನನ್ನು ಕರೆದರು.

"ಬೆಟ್ಟಯ್ಯ, ಇದು ನಕಲಿ ಅಲ್ಲ. ಪ್ಯಾರಾಸಿಟಮಾಲ್ ಫುಲ್ ಇದೆ. ಪ್ಯೂರ್. ನಮ್ಮದಕ್ಕಿಂತ ಒಂದು ಕೈ ಮೇಲು. ಬಿಟ್ಬಿಡಿ."

"ಅದೇ ಮಾಲು ಆದ್ರೆ ನಮ್ಮದ್ಯಾಕೆ ಯಾರೂ ಕೇಳಲ್ಲ ಸಾ?"

"ಅವ್ರದ್ದು ಮಾರ್ಕೆಟಿಂಗ್ ಚೆನ್ನಾಗಿರ್ಬೇಕು."

ಬಿಡಿ ಮಾತ್ರೆಗೆ, ಹಳೇ ಪೇಪರಿನ ಪೊಟ್ಟಣಕ್ಕೆ... ಮಾರ್ಕೆಟಿಂಗ್ ಅಂತೆ!

ನನಗೆ ರೇಗಿತು. ನನಗೆ ಬೇಗ ರೇಗುತ್ತದೆ.

ಊರಿಗೆ ಹೋದೆ. ಹೆಮ್ಮಿಗೆಯಲ್ಲಿ ನನ್ನ ಅಕ್ಕ ಮಾದಮ್ಮ ಇದ್ದಾಳೆ. ಅವ್ವ ತೀರಿಹೋದ ಮೇಲೆ ನನಗೆ ಮುದ್ದೆ ಇಕ್ಕಿ ಸಾಕಿದವಳು. ಭೂಮಿ ಮೇಲೆ ನಾನು ಎದುರು ಮಾತಾಡದ ಒಂದೇ ಜೀವ. ನಾಟಿ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ.

ಜಗಲಿ ಮೇಲೆ ಕೂತಿದ್ದಳು. ನೋಡಿ ಖುಷಿಯಾಯಿತು. ಕಡ್ಡಿಯ ಹಾಗಿದ್ದವಳು ಈಗ ಮುಖ ದುಂಡಗೆ, ಕೆನ್ನೆ ಕೆಂಪಗೆ!

"ಏನಕ್ಕ, ಮೈಕೈ ತುಂಬ್ಕೊಂಡಿದ್ದೀಯ!"

"ಎಲ್ರೂ ಅದ್ನೇ ಅಂತಾರೆ ಕಣ್ಲಾ. ಸೊಸೆ ಚೆಂದಾಗಿ ನೋಡ್ಕೊತಾಳೆ ಅಂತ ಅವ್ಳಿಗೆ ಒಳ್ಳೆ ಎಸ್ರು ಬಂದದೆ. ಆ ಮೂದೇವಿ ನಂಗೆ ಒಂದು ಮುದ್ದೆ ಎಚ್ಚಿಗೆ ಇಕ್ಕಿದ್ದಿಲ್ಲ!"

ನಕ್ಕೆ. ಉಂಡೆ. ಮಲಗಿದೆ.

ಬೆಳಗ್ಗೆ ಅಕ್ಕನ ಜೊತೆ ಗದ್ದೆ ಬದುವಿಗೆ ಹೋದೆ. ಹೆಂಗಸರು ಸಾಲಾಗಿ ಬಗ್ಗಿ ಪೈರು ಊರುತ್ತಿದ್ದರು. ಅಕ್ಕ ಕೂಗಿದಳು. "ಬನ್ರಮ್ಮಿ, ಕಾಫಿ ಬಂತು!"

ಅಷ್ಟೂ ಜನ ಒಟ್ಟಿಗೆ ಎದ್ದು ನಿಂತರು. ನನ್ನ ಕಡೆ ತಿರುಗಿದರು.

ಒಂದೇ ಅಚ್ಚಿನಲ್ಲಿ ಒತ್ತಿದ ಮುಖಗಳು! ಮುದುಕಿಯದೂ ಅದೇ ದುಂಡು. ಹರೆಯದವಳದೂ ಅದೇ ದುಂಡು. ಅದೇ ಊದಿದ ಕೆನ್ನೆ, ಕೆನ್ನೆಯೊಳಗೆ ಹೂತುಹೋದ ಅದೇ ಕಣ್ಣು. ಮುಖ ಪೂರಿ, ಕೈಕಾಲು ಕಡ್ಡಿ.

ಊರಿಗೆ ಊರೇ ಅದನ್ನು ಆರೋಗ್ಯ ಅಂದುಕೊಂಡಿತ್ತು. ಮೈಕೈ ತುಂಬಿಕೊಂಡಿದ್ದಾರೆ ಅಂತ ಹೊಗಳುತ್ತಿತ್ತು. ನಾನೂ ಹೊಗಳಿ ಬಂದಿದ್ದೆ!

"ಏನ್ರವ್ವಾ, ನೀವೆಲ್ಲ ಆ ಎದ್ದೇಳು ಮಾತ್ರೆ ನುಂಗ್ತೀರಾ?"

ಸೊಂಟಕ್ಕೆ ಕೈ ಇಟ್ಟುಕೊಂಡು ಒಬ್ಬಳು ಮುಂದೆ ಬಂದಳು. ರಂಜಿನಿ. ಊರಲ್ಲಿ ನನಗಿಂತ ಜೋರು ಬಾಯಿ ಅವಳೊಬ್ಬಳದೇ.

"ಹೂಂ. ಅದಿಲ್ದೆ ನಿಮ್ಮಪ್ಪ ಬಂದು ನೆಡ್ತಾನಾ?"

*

ನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರಾ ಇದ್ದಾರೆ. ಚಿಕ್ಕ ವಯಸ್ಸು. ಬೈಯುವುದರಲ್ಲಿ ದೊಡ್ಡವರು. ಹೋಗಿ ಹೇಳಿದೆ.

"ಲ್ಯಾಬಿನವರನ್ನ ಏನು ಕೇಳಿದ್ರಿ ಬೆಟ್ಟಯ್ಯನೋರೆ?"

"ಪ್ಯಾರಾಸಿಟಮಾಲ್ ಸರಿಯಾಗಿದೆಯಾ ನೋಡಿ ಅಂತ."

"ಅಷ್ಟೇ ನೋಡಿದ್ದಾರೆ. ಅದರ ಜೊತೆ ಬೇರೆ ಏನಿದೆ ಅಂತ ನೀವು ಕೇಳ್ಲಿಲ್ಲ. ಅವರು ಹೇಳ್ಲಿಲ್ಲ."

ಹೆಂಗಿದೆ ನೋಡಿ! ಈ ಹಾಲಲ್ಲಿ ಹಾಲು ಇದೆಯಾ ಅಂತ ಕೇಳಿದೆವು. ಇದೆ ಸಾ, ಪ್ಯೂರ್ ಹಾಲು ಅಂದರು. ಹಲ್ಲಿ ಬಿದ್ದು ಸತ್ತಿದೆಯಾ ಅಂತ ಯಾರೂ ಕೇಳಲೇ ಇಲ್ಲ!

ಡಾಕ್ಟರಮ್ಮ ತಮಗೆ ಗೊತ್ತಿದ್ದ ಕಡೆ ಮತ್ತೆ ಟೆಸ್ಟ್ ಮಾಡಿಸಿದರು. ಉತ್ತರ ಬಂದಾಗ ನಾನು ನರಸೀಪುರ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆ. ಫೋನು.

"ಸ್ಟಿರಾಯ್ಡ್ ಇದೆ ಬೆಟ್ಟಯ್ಯನೋರೆ! ತುಂಬಾ ಇದೆ. ನೋವು ಮುಚ್ಚಿಹಾಕುತ್ತೆ. ಮುಖ ಊದಿಸುತ್ತೆ. ಒಳಗಿಂದ ಮೂಳೆ ತಿನ್ನುತ್ತೆ. ಈಗ ಒಂದು ಮುಖ್ಯವಾದ ವಿಷಯ ಕೇಳಿ. ದಯವಿಟ್ಟು ಯಾರೂ..."

ನಾನು ಕಟ್ ಮಾಡಿದೆ. ಆಮೇಲೆ ಬಂದದ್ದನ್ನೂ ಎತ್ತಲಿಲ್ಲ.

ಸಾಕು! ಅಕ್ಕನ ಮೂಳೆ ತಿನ್ನುತ್ತೆ ಅಂದ ಮೇಲೆ ಇನ್ನೇನು ಕೇಳುವುದು?

ಗಂಗಾಧರಸ್ವಾಮಿಯ ಅಂಗಡಿ ಹತ್ತಿರದಲ್ಲೇ ಇತ್ತು. ಕೌಂಟರ್ ಹಾರಿದೆ.

"ಏಯ್, ಏಯ್! ಇದೇನ್ರೀ..."

ಡಬ್ಬ ಎತ್ತಿ ಚರಂಡಿಗೆ ಸುರಿದೆ. ಆಮೇಲೆ ಅವನ ಕಾಲರ್ ಹಿಡಿದೆ. "ಮಾಲು ಎಲ್ಲಿಂದ ಬತ್ತದೆ?"

"ನಂಗೇನೂ ಗೊತ್ತಿಲ್ಲ ಕಣಣ್ಣ! ಯಾರೋ ತಂದು ಹಾಕ್ತಾರೆ!"

ಹೇಳಲಿಲ್ಲ. ಹೆಮ್ಮಿಗೆಯವರಿಗೆ ಇನ್ನೊಂದು ಮಾತ್ರೆ ಮಾರಿದ್ರೆ ಅಂಗಡಿ ಸುಡ್ತೀನಿ ಅಂತ ಹೆದರಿಸಿ ಬಿಟ್ಟೆ. ಅವತ್ತೇ ಹೆಮ್ಮಿಗೆಗೆ ಹೋದೆ. ಮನೆ ಮನೆ ನುಗ್ಗಿದೆ. ಗೂಡಿನಿಂದ, ಸಾಸಿವೆ ಡಬ್ಬಿಯಿಂದ, ದೇವರ ಫೋಟೊ ಹಿಂದಿನಿಂದ ಪೊಟ್ಟಣಗಳನ್ನು ಕಿತ್ತುಕೊಂಡೆ. ಅಕ್ಕನ ಸೆರಗಿನ ಗಂಟನ್ನೂ ಬಿಚ್ಚಿಸಿದೆ. ಎಲ್ಲವನ್ನೂ ಒರಳಿಗೆ ಹಾಕಿ ಜಜ್ಜಿ ಪುಡಿ ಮಾಡಿ ತಿಪ್ಪೆಗೆ ಚೆಲ್ಲಿದೆ.

"ನಿನ್ನ ಕೈ ಸೇದೋಗ!" ರಂಜಿನಿ ಬೀದಿಯಲ್ಲಿ ನಿಂತು ಮಣ್ಣು ತೂರಿದಳು. "ನಾಳೆಯಿಂದ ನೀನೇ ಬಂದು ಬಗ್ಗು!"

ನಾನು ಎದೆ ಸೆಟೆಸಿ ನಡೆದೆ. ಅಷ್ಟೂ ಜೀವ ಉಳಿಸಿದೆ ಅಂತ ಹೆಮ್ಮೆ!

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು.

"ಬೆಟ್ಟ... ಮೈಯೆಲ್ಲ ಸೋಲ್ತದೆ ಕಣ್ಲಾ. ಅನ್ನ ಕಂಡ್ರೆ ವಾಂತಿ ಬತ್ತದೆ. ತಲೆ ತಿರುಗ್ತದೆ."

"ತಡ್ಕೊ ಅಕ್ಕ. ಬೀಡಿ ಬಿಟ್ಟಾಗ ನನಗೂ ಹಿಂಗೇ ಆಗಿತ್ತು. ಚಟ ಬಿಡುವಾಗ ಮೈ ಕೇಳ್ತದೆ. ಒಂದು ವಾರ ಹಲ್ಲು ಕಚ್ಚು, ಸರಿಹೋಗ್ತದೆ."

"ಆಗ್ಲಿ ಕಣಪ್ಪ," ಅಂದಳು. ಪಾಪ, ನನ್ನ ಮಾತು ನಂಬಿದಳು.

ಆ ವಾರ ನಾನು ಗಂಗಾಧರಸ್ವಾಮಿಯ ಅಂಗಡಿಯ ಹಿಂದುಗಡೆ ಕಣ್ಣಿಟ್ಟೆ. ಅವನ ಹಿತ್ತಲಿಗೆ ಒಂದು ಲಗೇಜ್ ಆಟೊ ಬಂತು. ಬೂಸಾ ಮೂಟೆ ಇಳಿಸಿ ಹೋಯಿತು.

ಅವನ ಮನೆಯಲ್ಲಿ ಹಸು ಇಲ್ಲ. ಎಮ್ಮೆ ಇಲ್ಲ. ಕರು ಕಟ್ಟುವ ಗೂಟವೂ ಇಲ್ಲ!

ಬೂಸಾ ಯಾರಿಗೆ? ಅವನ ಹೆಂಡತಿಗಾ?

ಆಟೊ ಹಿಂದೆ ಬೈಕ್ ಬಿಟ್ಟೆ. ನಂಜನಗೂಡಿಗೆ ಬಂತು. ಫ್ಯಾಕ್ಟರಿ ಗೇಟಿನೊಳಗೆ ನುಗ್ಗಿತು. ನಾನು ಹಿಂದಿನ ಕಾಂಪೌಂಡ್ ಹಾರಿದೆ.

ಒಳಗೆ ಕಂಡದ್ದನ್ನು ಹೇಳಿದರೆ ನೀವು ಇನ್ನು ಜ್ವರ ಬಂದರೂ ಮಾತ್ರೆ ಮುಟ್ಟುವುದಿಲ್ಲ.

ಹಸುಗಳಿಗೆ ಕೊಡುವ ಗುಳಿಗೆ ಒತ್ತುವ ಮೆಷಿನ್ನು. ಅದಕ್ಕೆ ಸಣ್ಣ ಅಚ್ಚು ಹಾಕಿದ್ದರು. ಟಾರ್ಪಾಲಿನ ಮೇಲೆ ಬಿಳಿ ಪುಡಿಯ ರಾಶಿ. ಬೆಚ್ಚಗಿದೆ ಅಂತ ಒಂದು ಕಜ್ಜಿ ನಾಯಿ ಅದರ ಮೇಲೆ ಮಲಗಿತ್ತು. ಗಡ್ಡದವನು ನಾಯಿಯನ್ನು ಒದ್ದು ಎಬ್ಬಿಸಿದ. ಅದು ಮಲಗಿದ್ದ ಜಾಗವನ್ನು ಪೊರಕೆಯಲ್ಲಿ ಗುಡಿಸಿದ. ಗುಡಿಸಿದ್ದನ್ನು ಮೆಷಿನ್ನಿಗೆ ಸುರಿದ. ನಾಯಿಯ ಕೂದಲು ಸಮೇತ!

ನನ್ನ ಅಕ್ಕ ಸೆರಗಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದು ಇದನ್ನ!

"ಲೋ!" ಅಂತ ಕಿರುಚಿಬಿಟ್ಟೆ. ಕಿರುಚಬಾರದಿತ್ತು.

ಹಿಂದಿನಿಂದ ಸಲಿಕೆಯ ಏಟು ತಲೆಗೆ ಬಿತ್ತು...

*

ಈಗ ಮತ್ತೆ ಆ ಬೂಸಾ ಮೂಟೆಗೆ ಬನ್ನಿ.

ಗಂಟಲಲ್ಲಿ ಎಷ್ಟೋ ಇಳಿದಿತ್ತು. ಕೆನ್ನೆಯ ಸಂದಿಯಲ್ಲಿ ಎಷ್ಟೋ ಉಳಿದಿತ್ತು. ಗಡ್ಡದವನು ಇನ್ನೊಂದು ಹಿಡಿ ತಂದ. ಒಳಗೆ ಸರಿಯಾಗಿ ತಳ್ಳಲು ಎರಡು ಬೆರಳು ಹಾಕಿದ.

ಕಚ್ಚಿದೆ!

ಮೂಳೆ ಸಿಗುವವರೆಗೂ ಕಚ್ಚಿದೆ. ಅವನ ಕೂಗಿಗೆ ತಗಡಿನ ಶೀಟು ನಡುಗಿತು. ದಡಿಯ ಗಾಬರಿಯಾಗಿ ಎದ್ದ. ನನ್ನ ಕೈ ಬಿಡುಗಡೆ! ಪಕ್ಕದಲ್ಲಿ ಹರಿದ ಚೀಲ. ದನಕ್ಕೆ ಹಾಕುವ ಸುಣ್ಣದಂಥ ಪುಡಿ. ಬೊಗಸೆ ತುಂಬ ಎತ್ತಿ ದಡಿಯನ ಕಣ್ಣಿಗೆ ಎರಚಿದೆ.

"ಹಿಡೀರಲೇ ಅವನ್ನ!" ನಂಜುಂಡೇಶನ ಟಿಫನ್ ಡಬ್ಬಿ ಉರುಳಿತು.

ಅವನ ಪಕ್ಕದ ಮೂಟೆಯಿಂದ ಫೋನ್ ಎತ್ತಿಕೊಂಡೆ. ಓಡಿದೆ. ಕಾಂಪೌಂಡ್ ಹಾರಿದೆ. ಪ್ಯಾಂಟು ಹರಿಯಿತು. ಬೈಕಿನ ಕೀ ಅವರ ಹತ್ತಿರ. ರೋಡಿಗೆ ಬಂದೆ. ನರಸೀಪುರದ ಕೆಂಪು ಬಸ್ಸು ಬರುತ್ತಿತ್ತು. ನಡುರೋಡಿನಲ್ಲಿ ನಿಂತು ಎರಡೂ ಕೈ ಎತ್ತಿದೆ.

"ಸಾಯೋಕೆ ನನ್ನ ಬಸ್ಸೇ ಬೇಕಿತ್ತೇನ್ಲಾ?" ಡ್ರೈವರ್ ಬೈದ. ಆದರೂ ನಿಲ್ಲಿಸಿದ.

ಹತ್ತಿದೆ. ಬಸ್ಸು ತುಂಬ ಹೆಂಗಸರು. ಫ್ರೀ ಟಿಕೆಟ್ ಆದ ಮೇಲೆ ಆ ರೂಟಿನಲ್ಲಿ ಗಂಡಸಿಗೆ ಕಾಲಿಡಲೂ ಜಾಗವಿಲ್ಲ. ಒಬ್ಬಳು ಅಜ್ಜಿಯ ಕಾಲ ಬಳಿ ಕುಸಿದೆ.

ಫೋನ್ ತೆಗೆದೆ. ಕಾಂಪೌಂಡ್ ಹಾರುವಾಗ ಒಡೆದು ಸತ್ತಿತ್ತು.

"ಯಾಕಪ್ಪ, ಬಾಯೆಲ್ಲ ಬೆಳ್ಳಗೆ?" ಅಜ್ಜಿ ಕೇಳಿದಳು.

"ಮಾತ್ರೆ ತಿನ್ನಿಸಿಬಿಟ್ಟಿದ್ದಾರೆ ಕಣವ್ವ... ರಾಶಿ ಮಾತ್ರೆ..."

"ಯಾರು, ಎಂಡ್ತಿಯಾ?"

ಉತ್ತರ ಹೇಳುವಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ಮುಂದೆ ಬೊಲೆರೊ ಅಡ್ಡ! ದಡಿಯ ಇಳಿದ. ಕಣ್ಣು ಕೆಂಡದ ಹಾಗೆ ಕೆಂಪಾಗಿ ಊದಿತ್ತು. ಬಾಗಿಲಿಂದ ಒಳಗೆ ನುಗ್ಗಿದ.

"ಆ ಕಳ್ಳನ್ನ ಇಳಿಸ್ರಿ! ಫ್ಯಾಕ್ಟರೀಲಿ ಕದ್ದು ಓಡ್ಬಂದವ್ನೆ!"

"ಏಯ್, ಮೈ ಮೇಲೆ ಬೀಳ್ಬೇಡ! ಕಣ್ ಕಾಣಲ್ವಾ?"

"ಕಾಲು ತುಳಿದ್ನಲ್ಲ ಬಡ್ಡೈದ!"

"ಬಸ್ಸಿಗೆ ಅಡ್ಡ ಆಕಕೆ ನಿಮ್ಮಪ್ಪನ ರೋಡಾ? ನನ್ನ ಮಗಳ ಮನೇಲಿ ಸೀಮಂತ ಅದೆ ಕಣ್ಲಾ, ಒತ್ತಾಯ್ತದೆ!"

ದಡಿಯ ಎಲ್ಲರನ್ನೂ ತಳ್ಳಿಕೊಂಡು ಬಂದ. ಬಗ್ಗಿದ. ನನ್ನ ಕುತ್ತಿಗೆಪಟ್ಟಿ ಹಿಡಿದು ಎತ್ತಿದ. ಅವನ ಮುಖ ನನ್ನ ಮುಖದ ಮುಂದೆ.

ನಾನು ಗಂಟಲಿಗೆ ಬೆರಳು ಹಾಕಿದೆ.

ಅಷ್ಟೂ ಅವನ ಮುಖಕ್ಕೆ!

ಬಿಳಿ ಗಂಜಿ. ಕರಗದ ಮಾತ್ರೆಗಳು ಅವನ ಮೀಸೆಯಲ್ಲಿ ಸಿಕ್ಕಿಕೊಂಡವು. ಮತ್ತೆ ಬೆರಳು ಹಾಕಿದೆ. ಮತ್ತೆ ಬಂತು. ಬಸ್ಸಿಗೆ ಬಸ್ಸೇ "ಅಯ್ಯಯ್ಯಪ್ಪಾ!" ಅಂತು. ದಡಿಯ ಥೂ ಥೂ ಅಂತ ಹಿಂದಕ್ಕೆ ಸರಿದ. ಹೆಂಗಸರು ಚೀಲದಲ್ಲಿ, ಬುಟ್ಟಿಯಲ್ಲಿ, ಚಪ್ಪಲಿಯಲ್ಲಿ ಬಡಿದು ಅವನನ್ನು ಬಾಗಿಲಿಂದ ಕೆಡವಿದರು!

ಡ್ರೈವರ್ ಬೊಲೆರೊ ಪಕ್ಕದ ಮಣ್ಣಿಗಿಳಿಸಿ ಬಸ್ಸು ಹೊಡೆದ. ಬೊಲೆರೊದ ಕನ್ನಡಿ ಕಿತ್ತುಕೊಂಡೇ ಹೋಯಿತು.

"ವಾಂತಿ ಯಾರಪ್ಪ ತೊಳೀತಾರೆ?" ಕಂಡಕ್ಟರ್ ಗೋಳಾಡಿದ.

"ಎಂಡ್ತಿ ಅಷ್ಟು ಕೆಟ್ಟವ್ಳಾ?" ಅಜ್ಜಿ ನನ್ನ ಬೆನ್ನು ಸವರಿದಳು.

*

ಆಸ್ಪತ್ರೆ ಬಾಗಿಲಲ್ಲೇ ಡಾಕ್ಟರಮ್ಮ ಸಿಕ್ಕಿದರು.

"ಬೆಳಗ್ಗಿಂದ ಎಷ್ಟು ಸಲ ಫೋನ್ ಮಾಡೋದು ನಿಮಗೆ?"

"ಮಾತ್ರೆ ತಿನ್ನಿಸಿದ್ರು ಡಾಕ್ಟರಮ್ಮ. ಪ್ಯಾರಾಸಿಟಮಾಲು. ಒಂದು ಹಿಡಿಗಿಂತ ಜಾಸ್ತಿ. ವಾಂತಿ ಮಾಡ್ದೆ..."

"ವಾಂತಿಯಿಂದ ಪೂರ್ತಿ ಹೋಗಲ್ಲ. ಸಿಸ್ಟರ್, ಡ್ರಿಪ್ ಹಾಕಿ, ಬೇಗ!"

ಮಲಗಿಸಿದರು. ಸೂಜಿ ಚುಚ್ಚಿದರು. ಪಕ್ಕಕ್ಕೆ ತಿರುಗಿದೆ.

ಪಕ್ಕದ ಮಂಚದಲ್ಲಿ ನನ್ನ ಅಕ್ಕ!

ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತುಟಿ ಬಿಳುಪು. ಆ ದುಂಡು ಮುಖ 'ಚೆನ್ನಾಗಿದ್ದೀನಿ' ಅನ್ನುವ ಹಾಗೆ ದುಂಡಗೇ ಇತ್ತು. ಅದೇ ನೋಡಿ ಅಸಹ್ಯ!

"ಏನಾಯ್ತು ಅವಳಿಗೆ? ಮತ್ತೆ ಮಾತ್ರೆ ನುಂಗಿದ್ಲಾ?"

"ನುಂಗಿಲ್ಲ. ಅದಕ್ಕೇ ಹೀಗಾಗಿದೆ!" ಡಾಕ್ಟರಮ್ಮನ ದನಿ ಚಾಟಿ. "ಅವತ್ತು ಫೋನಲ್ಲಿ ಏನು ಹೇಳ್ತಿದ್ದೆ ನಾನು? ಯಾರೂ ತಟ್ಟಂತ ನಿಲ್ಲಿಸಬಾರದು ಅಂತ! ನೀವು ಕಟ್ ಮಾಡಿದ್ರಿ. ಆಮೇಲೆ ಎತ್ತಲೇ ಇಲ್ಲ. ನಮ್ಮ ಮೈಗೆ ಬೇಕಾದ ಸ್ಟಿರಾಯ್ಡನ್ನ ಮೈಯೇ ಮಾಡ್ಕೊಳ್ಳುತ್ತೆ. ವಾರಗಟ್ಟಲೆ ಹೊರಗಿಂದ ಕೊಟ್ರೆ ಮಾಡೋದನ್ನೇ ಮರೆತುಬಿಡುತ್ತೆ. ಒಂದೇ ದಿನಕ್ಕೆ ಕಿತ್ಕೊಂಡ್ರೆ ಒಳಗೂ ಇಲ್ಲ, ಹೊರಗೂ ಇಲ್ಲ. ಬಿಪಿ ಬಿದ್ದುಹೋಗುತ್ತೆ. ಸತ್ತೇಹೋಗ್ತಾರೆ. ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು!"

"ನಾನು... ಬೀಡಿ ಬಿಟ್ಟ ಹಾಗೆ ಅಂದ್ಕೊಂಡೆ..."

"ಬೀಡಿ ಅಂತೆ ಬೀಡಿ!"

ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ನಾನು ನೋಡುತ್ತಾ ಮಲಗಿದ್ದೆ. ನಂಜುಂಡೇಶ ಅಕ್ಕನಿಗೆ ವಿಷ ತಿನ್ನಿಸಿದ. ಆದರೆ ಅವಳನ್ನು ಈ ಮಂಚಕ್ಕೆ ಕಳಿಸಿದವನು ನಾನು. ಅವನು ಕಾಸಿಗೆ ಮಾಡಿದ. ನಾನು ರೊಚ್ಚಿಗೆ ಮಾಡಿದೆ. ಏನು ದೊಡ್ಡ ವ್ಯತ್ಯಾಸ? ಥೂ ನನ್ನ ಜನ್ಮಕ್ಕೆ!

ಸಂಜೆ ಹೊತ್ತಿಗೆ ಅಕ್ಕನಿಗೆ ಎಚ್ಚರವಾಯಿತು. ನನ್ನ ಕೈಯ ಡ್ರಿಪ್ ನೋಡಿದಳು.

"ನಿಂಗೇನಾಯ್ತು ಬೆಟ್ಟ? ಮತ್ತೆ ಬೀಡಿ ಸೇದ್ದಾ?"

ಗೋಡೆ ಕಡೆ ತಿರುಗಿಕೊಂಡೆ.

ಮಾರನೆಯ ದಿನ ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ನಂಜುಂಡೇಶ ಸ್ಟೇಷನ್ನಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ರಿಪೋರ್ಟ್ ತೋರಿಸಿದನಂತೆ. ಪ್ಯಾರಾಸಿಟಮಾಲ್, ಫುಲ್, ಪ್ಯೂರ್! ಕೊನೆಗೆ ಅವನನ್ನು ಒಳಗೆ ಹಾಕಿದ್ದು ಯಾವ ಕೇಸಿಗೆ ಗೊತ್ತಾ? ನನ್ನೊಬ್ಬನ ಬಾಯಿಗೆ ಅಸಲಿ ಮಾತ್ರೆ ತುರುಕಿದ್ದಕ್ಕೆ. ಊರಿಗೆಲ್ಲ ಬೆರಕೆ ತಿನ್ನಿಸಿದ್ದಕ್ಕೆ ಇನ್ನೂ ಸ್ಯಾಂಪಲ್ಲು, ಸೀಲು, ಸಹಿ ಅಂತ ನಡೆಯುತ್ತಲೇ ಇದೆ.

ಆದರೆ ಡಾಕ್ಟರಮ್ಮನ ತಲೆನೋವು ಅದಲ್ಲ. ಹೆಮ್ಮಿಗೆಯಲ್ಲಿ ಉಳಿದ ಹೆಂಗಸರು. ಅವರೂ ಮಾತ್ರೆ ಬಿಟ್ಟು ಅಷ್ಟೇ ದಿನ ಆಗಿತ್ತು. ಅವರಿಗೆ ಸರಿಯಾದ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ದಿನ ದಿನಕ್ಕೆ ಇಳಿಸಬೇಕು. ನರ್ಸುಗಳನ್ನು ಆಂಬುಲೆನ್ಸಿನಲ್ಲಿ ಕಳಿಸಿದರು. ಹೋದ ಹಾಗೇ ವಾಪಸ್ ಬಂದರು. ಡಬ್ಬ ತುಂಬಿದ ಹಾಗೇ ಇತ್ತು.

"ಒಬ್ಬರೂ ತಗೊಳ್ಳಲ್ಲ ಮೇಡಂ. ಗೌರ್ಮೆಂಟ್ ಮಾತ್ರೆ ಕೆಲಸ ಮಾಡಲ್ಲ ಅಂತಾರೆ. ಮಾತ್ರೆ ಹೆಸರಲ್ಲಿ ಮಾದಮ್ಮನ್ನ ಆಸ್ಪತ್ರೆಗೆ ಹಾಕಿದ್ರಿ, ನಮ್ಮನ್ನೂ ಹಾಕ್ತೀರಾ ಅಂತ ಓಡಿಸಿದ್ರು. ಒಬ್ಬಳು ಗದ್ದೆಯಲ್ಲೇ ಬಿದ್ದುಹೋಗಿದ್ದಳು. ಅವಳನ್ನ ಎತ್ಕೊಂಡು ಬಂದಿದ್ದೀವಿ."

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದರು. "ಇನ್ನೆರಡು ದಿನ ಹೀಗೇ ಬಿಟ್ರೆ..."

ಮಾತು ಮುಗಿಸಲಿಲ್ಲ. ಈ ಸಲ ನಾನು ಪೂರ್ತಿ ಕೇಳುವವರೆಗೂ ಕಾದೆ.

"ಹೆಣ ಬೀಳ್ತವೆ ಬೆಟ್ಟಯ್ಯನೋರೆ."

ಡ್ರಿಪ್ ಬಿಚ್ಚಿದ ಕೂಡಲೇ ಎದ್ದೆ. "ಹಳೇ ಪೇಪರ್ ಇದೆಯಾ ಡಾಕ್ಟರಮ್ಮ?"

"ಯಾಕೆ?"

"ಪೊಟ್ಟಣ ಕಟ್ಟಿ. ಡೋಸು ನಿಮ್ಮದು. ಬಾಯಿ ನನ್ನದು."

ನನ್ನ ಮುಖವನ್ನೇ ನೋಡಿದರು. ಆಮೇಲೆ ಪೇಪರ್ ಹರಿಯತೊಡಗಿದರು.

*

ಆಂಬುಲೆನ್ಸನ್ನು ನಾಲೆ ಏರಿಯ ಹಿಂದೆ, ಹುಣಸೆ ಮರದ ಮರೆಗೆ ನಿಲ್ಲಿಸಿದೆವು. ಡಾಕ್ಟರಮ್ಮ ಒಳಗೇ ಕೂತರು. ನಾನೊಬ್ಬನೇ ಬದುವಿನ ಮೇಲೆ ನಡೆದೆ.

ನಾಟಿ ಅರ್ಧಕ್ಕೇ ನಿಂತಿತ್ತು. ಹೆಂಗಸರು ಬದುವಿನ ಮೇಲೆ ಸೊಪ್ಪಾಗಿ ಕೂತಿದ್ದರು. ಒಬ್ಬಳು ತಲೆ ಹಿಡಿದುಕೊಂಡಿದ್ದಳು. ರಂಜಿನಿಗೂ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಬಂದ್ಯಾ ಮಾತ್ಮ! ಅಕ್ಕನ್ನ ಮಲಗಿಸಿದ್ದು ಸಾಲ್ದೇನೋ?"

ನಾನು ಸುತ್ತ ನೋಡಿದೆ. ದನಿ ತಗ್ಗಿಸಿದೆ.

"ಮಾಲು ಬೇಕಾ?"

"ಯಾವ ಮಾಲು?"

"ಅವತ್ತು ನಿಮ್ಮತ್ರ ಕಿತ್ಕೊಂಡ್ನಲ್ಲ, ಅದು. ಒರಳಿಗೆ ಹಾಕಿದ್ದು ಮೇಲ್ಮೇಲೆ. ಮಿಕ್ಕಿದ್ದು ಎತ್ತಿಟ್ಕೊಂಡಿದ್ದೆ."

ಜೇಬಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದೆ.

ರಂಜಿನಿಯ ಮುಖ ಅರಳಿತು!

"ನಾನು ಅವತ್ತೇ ಅನ್ನಲಿಲ್ವೇನ್ರಮ್ಮಿ? ಇವ್ನು ಕಳ್ಳ, ನಮ್ಮತ್ರ ಕಿತ್ತು ನಮಗೇ ಮಾರ್ತಾನೆ ಅಂತ!"

"ಅಂದಿದ್ದೆ ಕಣಕ್ಕಾ! ಅಂದಿದ್ದೆ!"

"ಮುಖದಲ್ಲೇ ಬರೆದದೆ ಬುಡು!"

ಒಬ್ಬಳು ಪೊಟ್ಟಣ ಬಿಚ್ಚಿದಳು. "ಇದ್ಯಾಕ್ಲಾ ಸಣ್ಣಕ್ಕದೆ?"

"ಹೊಸ ಅಚ್ಚು. ಸಣ್ಣಗಿದ್ರೂ ಪವರ್ ಜಾಸ್ತಿ. ಅದಕ್ಕೇ ಹೇಳಿದಷ್ಟೇ ನುಂಗ್ಬೇಕು. ಬೆಳಗ್ಗೆ, ಉಂಡ ಮೇಲೆ. ಒಂದು ದಿನವೂ ತಪ್ಪಿಸಂಗಿಲ್ಲ. ಸೋಮವಾರ ಖಾಲಿಯಾಗ್ತದೆ. ನರಸೀಪುರದ ಆಸ್ಪತ್ರೆ ಹಿಂದಿನ ಬಾಗಿಲಿಗೆ ಬನ್ನಿ. ಮುಂದಿಂದು ಅಲ್ಲೇ."

"ಆಸ್ಪತ್ರೆನಾ?"

"ಅಲ್ಲಿ ಒಬ್ಬ ಡಾಕ್ಟರು ನನ್ನ ಪಾರ್ಟ್ನರು. ಬಿಪಿ ನೋಡ್ದಂಗೆ ನಾಟಕ ಮಾಡ್ತಾರೆ. ಕೈ ಕೊಡಿ, ಸುಮ್ನೆ ಇರಿ. ಯಾರ ಹತ್ರಾನೂ ಬಾಯಿ ಬಿಡಂಗಿಲ್ಲ!"

"ಎಲ್ಲ ಒಂದೇ ಗುಂಪು!" ರಂಜಿನಿ ಖುಷಿಯಾಗಿ ತಲೆ ಆಡಿಸಿದಳು. "ಎಷ್ಟ್ಲಾ?"

ಪುಕ್ಕಟೆ ಅಂದರೆ ಅನುಮಾನ ಬರುತ್ತದೆ. "ಡಬಲ್ಲು," ಅಂದೆ.

"ಕಳ್ಳ ಬಡ್ಡಿಮಗನೇ!"

ಸೆರಗಿನ ಗಂಟುಗಳು ಬಿಚ್ಚಿಕೊಂಡವು. ಇದ್ದವರು ಕೊಟ್ಟರು, ಇಲ್ಲದವರು ಸಾಲ ಹೇಳಿದರು. ನನ್ನ ಎದುರಿಗೇ ನುಂಗಿದರು, ನಾಲೆ ನೀರು ಕುಡಿದರು, ನನ್ನ ವಂಶವನ್ನು ಬೈದರು.

ಆಂಬುಲೆನ್ಸಿಗೆ ವಾಪಸ್ ಬಂದೆ. ಡಾಕ್ಟರಮ್ಮ ಬಾಗಿಲು ತೆಗೆದರು. ಖಾಲಿ ಚೀಲ ನೋಡಿದರು. ನನ್ನನ್ನು ನೋಡಿದರು.

"ಏನಂತ ಹೇಳಿ ಕೊಟ್ರಿ?"

"ಬಿಡಿ ಡಾಕ್ಟರಮ್ಮ. ಸೋಮವಾರ ನಿಮಗೇ ಗೊತ್ತಾಗ್ತದೆ."

ಒಳ್ಳೆಯವರು ಹೋದಾಗ ಒಬ್ಬಳೂ ಕೈ ಚಾಚಲಿಲ್ಲ ಸ್ವಾಮಿ. ಕಳ್ಳ ಹೋದ... ಒಂದು ಪೊಟ್ಟಣವೂ ಮಿಗಲಿಲ್ಲ!